ಮೋಟಾರಿಲ್ಲದೆ ಬಿಸಿ ಸಾಗಿಸುವ ಕೊಳವೆ

ಬಾಹ್ಯಾಕಾಶದಲ್ಲಿ ಅಷ್ಟು ಚಳಿ ಇರುವಾಗ ಉಪಗ್ರಹವನ್ನು ತಣ್ಣಗಿಡಲು ಏನು ಕಷ್ಟ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲಿ ಗಾಳಿಯೇ ಇಲ್ಲ, ಕಷ್ಟ ಅದೇ. ಫ್ಯಾನ್ ಹಾಕಿ ಪ್ರಯೋಜನವಿಲ್ಲ. ಬಿಸಿ ಹೊರಗೆ ಹೋಗಲು ವಿಕಿರಣ ಒಂದೇ ದಾರಿ, ಅದಕ್ಕೆ ಅಗಲವಾದ ಮೈ ಬೇಕು.

ಭೂಸ್ಥಿರ ಸಂವಹನ ಉಪಗ್ರಹಗಳಲ್ಲಿ ಸಾಮಾನ್ಯವಾಗಿ ಉತ್ತರ, ದಕ್ಷಿಣದ ಗೋಡೆಗಳು ಈ ಕೆಲಸ ಮಾಡುತ್ತವೆ. ಅವುಗಳ ಮೇಲೆ ಬಿಸಿಲು ಓರೆಯಾಗಿ ಮಾತ್ರ ಬೀಳುತ್ತದೆ. ಆದರೆ ಸಂಕೇತಕ್ಕೆ ಬಲ ಕೊಡುವ ಆಂಪ್ಲಿಫೈಯರ್‌ಗಳು ಇರುವ ಜಾಗ ಮಾತ್ರ ಕಾದು, ಉಳಿದ ಗೋಡೆ ತಣ್ಣಗಿದ್ದರೆ ಏನು ಬಂತು? ಬಿಸಿ ಇಡೀ ಗೋಡೆಗೆ ಹರಡಬೇಕು. ಹೀಟ್ ಪೈಪ್ ಎಂಬ ಮುಚ್ಚಿದ ಕೊಳವೆ ಇರುವುದು ಇದಕ್ಕೇ.

ಒಂದು ಚದರ ಸೆಂಟಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ಗಟ್ಟಿ ಅಲ್ಯೂಮಿನಿಯಂ ಸರಳು ತೆಗೆದುಕೊಳ್ಳಿ. ಅದರ ಒಂದು ತುದಿಯಿಂದ ಇನ್ನೊಂದಕ್ಕೆ 100 ವ್ಯಾಟ್ ಸಾಗಿಸಲು ಎರಡು ತುದಿಗಳ ನಡುವೆ ಸುಮಾರು 5,000 ಡಿಗ್ರಿ ವ್ಯತ್ಯಾಸ ಬೇಕು. ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಗೆ! ಹೀಟ್ ಪೈಪ್ ಅಷ್ಟೇ ಬಿಸಿಯನ್ನು ಕೆಲವೇ ಡಿಗ್ರಿ ವ್ಯತ್ಯಾಸದಲ್ಲಿ ದಾಟಿಸುತ್ತದೆ.

ಒಳಗೆ ಇರುವುದು ಸ್ವಲ್ಪ ಅಮೋನಿಯ, ಅಷ್ಟೇ. ಕಾದ ಕಡೆ ಅದು ಆವಿಯಾಗುತ್ತದೆ. ಒಂದು ಕಿಲೋ ಆವಿಯಾಗುವಾಗ ಸುಮಾರು 1,200 ಕಿಲೋಜೂಲ್ ಬಿಸಿ ಹೀರುತ್ತದೆ. ಆವಿ ತಣ್ಣನೆಯ ಕಡೆಗೆ ಓಡಿ ಮತ್ತೆ ದ್ರವವಾಗಿ, ಹೊತ್ತು ತಂದ ಬಿಸಿಯನ್ನು ಅಲ್ಲಿ ಬಿಡುತ್ತದೆ. ವಾಪಸ್ ಬರುವುದು ಒಳಗೋಡೆಯ ಸಣ್ಣ ಗೀರುಗಳ ಮೂಲಕ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಪಂಪ್ ಬೇಡ, ಕರೆಂಟ್ ಬೇಡ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಇಂಥ ಕೊಳವೆ ಮಾಡಿ ತೋರಿಸಿದರು. 1967ರಲ್ಲೇ ಅದು ಬಾಹ್ಯಾಕಾಶಕ್ಕೆ ಹೋಗಿ ಪರೀಕ್ಷೆಗೆ ಒಳಗಾಯಿತು.

ನೀರು ಯಾಕೆ ಬೇಡ? ಲ್ಯಾಪ್‌ಟಾಪ್‌ನ ತಾಮ್ರದ ಕೊಳವೆಗಳಲ್ಲಿ ನೀರೇ ಇರುತ್ತದೆ. ಆದರೆ ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಅಮೋನಿಯ ಮೈನಸ್ 78ರವರೆಗೂ ತಡೆಯುತ್ತದೆ. ಮೇಲಾಗಿ ನೀರು ಅಲ್ಯೂಮಿನಿಯಂ ಜತೆ ಸೇರಿದರೆ ಹೈಡ್ರೋಜನ್ ಹುಟ್ಟುತ್ತದೆ. ಆ ಅನಿಲ ತಣ್ಣನೆಯ ತುದಿಯಲ್ಲಿ ಕೂತು ಆವಿಯ ದಾರಿ ಮುಚ್ಚುತ್ತದೆ. ಹಾಗಾಗಿ ಅಮೋನಿಯದಲ್ಲಿ ತೇವದ ಪಸೆಯೂ ಇರಬಾರದು. ಈ ಶುಚಿಯ ವಿಷಯದಲ್ಲಿ ಎಷ್ಟು ಹಠ ಮಾಡಿದರೂ ಜಾಸ್ತಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ನೆಲದ ಮೇಲಿನ ಪರೀಕ್ಷೆಯದು ಬೇರೆಯೇ ಕಥೆ. ಗೀರುಗಳು ದ್ರವವನ್ನು ಎತ್ತಬಲ್ಲ ಎತ್ತರ ಒಂದು ಸೆಂಟಿಮೀಟರ್ ಆಸುಪಾಸು. ಕಾದ ತುದಿ ಅದಕ್ಕಿಂತ ಮೇಲಿದ್ದರೆ ಅಲ್ಲಿ ಒಣಗಿಹೋಗುತ್ತದೆ. ಅದಕ್ಕೆ ಪ್ಯಾನೆಲನ್ನು, ಅಂದರೆ ಕೊಳವೆಗಳನ್ನು ಒಳಗೆ ಅಂಟಿಸಿದ ಗೋಡೆಯನ್ನು, ಮಟ್ಟಸವಾಗಿ ಇಟ್ಟು ಪರೀಕ್ಷಿಸಬೇಕು. ಆದರೆ ಪೂರ್ತಿ ಜೋಡಿಸಿದ ಉಪಗ್ರಹದಲ್ಲಿ ಕೊಳವೆಗಳು ಬೇರೆ ಬೇರೆ ದಿಕ್ಕಿಗೆ ಇದ್ದರೆ, ಎಲ್ಲವನ್ನೂ ಒಟ್ಟಿಗೆ ಮಟ್ಟಸ ಮಾಡಲು ಆಗುವುದಿಲ್ಲ ಅಲ್ವಾ? ನೆಟ್ಟಗೆ ನಿಂತ ಕೊಳವೆಯ ಕೆಳತುದಿ ಕಾಯಿಸಿದರೆ ಅದು ಚೆನ್ನಾಗಿಯೇ ಓಡುತ್ತದೆ, ಆದರೆ ಅಲ್ಲಿ ದ್ರವವನ್ನು ಕೆಳಗಿಳಿಸುವುದು ಭೂಮಿಯ ಸೆಳೆತ. ಗೀರುಗಳ ಶಕ್ತಿ ಅದರಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಪ್ಯಾನೆಲ್ ಒಳಗೆ ಅಂಟಿಸುವ ಮೊದಲೇ ಒಂದೊಂದು ಕೊಳವೆಯ ಕಾದ ತುದಿಯನ್ನು ಕೆಲವು ಮಿಲಿಮೀಟರ್ ಎತ್ತರಿಸಿ ಪರೀಕ್ಷಿಸಬೇಕು. ಅಂಟಿಸಿದ ಮೇಲೆ ಕೆಟ್ಟ ಕೊಳವೆಯೊಂದನ್ನೇ ಬಿಚ್ಚಿ ಬದಲಿಸಲು ಬರುವುದಿಲ್ಲ.