ಯುವ ಆರ್ಕೆಸ್ಟ್ರಾಗಳಿಗೆ ಸಿಗುವ ಹೊಗಳಿಕೆ ವಯಸ್ಸಿಗೋ, ವಾದನಕ್ಕೋ?

ಓದುಗರ ಪ್ರಶ್ನೆ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಯುವ ಆರ್ಕೆಸ್ಟ್ರಾಗಳು ಕಛೇರಿ ಕೊಟ್ಟಾಗಲೆಲ್ಲ ವಿಮರ್ಶಕರು ಬಾಯಿ ತುಂಬ ಹೊಗಳುತ್ತಾರೆ. ಈ ಹುಡುಗ ಹುಡುಗಿಯರು ನಿಜವಾಗಿ ಅಷ್ಟು ಚೆನ್ನಾಗಿ ನುಡಿಸುತ್ತಾರೆಯೇ? ಚಿಕ್ಕವರು ಎಂಬ ರಿಯಾಯಿತಿಯೂ ಅದರಲ್ಲಿ ಇರುತ್ತದೆಯೇ?

ರಿಯಾಯಿತಿ ಸ್ವಲ್ಪ ಇದ್ದೇ ಇರುತ್ತದೆ. ಆದರೆ ಒಳ್ಳೆಯ ಯುವ ಆರ್ಕೆಸ್ಟ್ರಾ ಗಳಿಸುವ ಹೊಗಳಿಕೆಯ ದೊಡ್ಡ ಪಾಲು ನ್ಯಾಯವಾದದ್ದು. ವಿಮರ್ಶೆಗಳು ಅದಕ್ಕೆ ಕೊಡುವ ಕಾರಣ ಮಾತ್ರ ಬಹಳ ಸಲ ತಪ್ಪಾಗಿರುತ್ತದೆ. 'ಉತ್ಸಾಹ', 'ಹುರುಪು', 'ಬಿಸಿರಕ್ತ' ಎಂದು ಬರೆದು ಮುಗಿಸುತ್ತಾರೆ. ನನ್ನ ಮಟ್ಟಿಗೆ ನಿಜವಾದ ಕಾರಣ ತಾಲೀಮು.

ವೃತ್ತಿಪರ ಆರ್ಕೆಸ್ಟ್ರಾ ಒಂದು ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಎರಡು ಮೂರು ದಿನ ತಾಲೀಮು ಮಾಡುತ್ತದೆ. ಮುಂದಿನ ವಾರಕ್ಕೆ ಬೇರೆ ಕೃತಿಗಳು ಕಾದಿರುತ್ತವೆ. ಯುವ ಆರ್ಕೆಸ್ಟ್ರಾದವರು ರಜೆಯಲ್ಲಿ ಒಂದೇ ಕಡೆ ಉಳಿದುಕೊಂಡು ವಾರಗಟ್ಟಲೆ ಅದದೇ ಸಿಂಫನಿಯನ್ನು (ಹಲವು ಭಾಗಗಳ ದೀರ್ಘ ಆರ್ಕೆಸ್ಟ್ರಾ ಕೃತಿ) ತಿದ್ದುತ್ತಾರೆ. ಮೊದಲು ಪಿಟೀಲಿನವರು ಬೇರೆ, ಚೆಲ್ಲೋ ಎಂಬ ದೊಡ್ಡ ಪಿಟೀಲಿನವರು ಬೇರೆ, ಹಿತ್ತಾಳೆ ವಾದ್ಯದವರು ಬೇರೆ ಕೂರುತ್ತಾರೆ. ಪ್ರತಿ ಗುಂಪಿಗೂ ಒಬ್ಬ ಅನುಭವಿ ವಾದಕರು ಕಲಿಸುತ್ತಾರೆ. ಆಮೇಲೆ ಎಲ್ಲರೂ ಒಟ್ಟಾಗುತ್ತಾರೆ. ಅಷ್ಟು ಹೊತ್ತಿಗೆ ತನ್ನ ಸ್ವರಗಳ ಜೊತೆಗೆ ಪಕ್ಕದವನ ಸ್ವರಗಳೂ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರುತ್ತವೆ.

ಆಯ್ಕೆಯೂ ಕಠಿಣ. 1948ರಲ್ಲಿ ಶುರುವಾದ ಬ್ರಿಟನ್ನಿನ ನ್ಯಾಷನಲ್ ಯೂತ್ ಆರ್ಕೆಸ್ಟ್ರಾದಲ್ಲಿ ಹದಿಹರೆಯದವರಿಗೆ ಮಾತ್ರ ಜಾಗ. ಇಟಲಿಯ ಆರ್ಕೆಸ್ಟ್ರಾ ನಿರ್ದೇಶಕ ಕ್ಲಾಡಿಯೋ ಅಬ್ಬಾಡೊ 1986ರಲ್ಲಿ ವಿಯೆನ್ನಾದಲ್ಲಿ ಕಟ್ಟಿದ ಗುಸ್ತಾವ್ ಮಾಹ್ಲರ್ ಯುವ ಆರ್ಕೆಸ್ಟ್ರಾ ಯುರೋಪಿನುದ್ದಕ್ಕೂ ಪರೀಕ್ಷೆ ನಡೆಸಿ 26 ವರ್ಷದೊಳಗಿನವರನ್ನು ಆರಿಸಿಕೊಳ್ಳುತ್ತದೆ.

ಇನ್ನು ಗಾತ್ರ. ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾದಲ್ಲಿ 80ರಿಂದ 100 ಮಂದಿ ಇದ್ದರೆ, ಬ್ರಿಟನ್ನಿನ ಆ ಯುವ ತಂಡದಲ್ಲಿ 160ರ ಆಸುಪಾಸು. ಅಷ್ಟು ತಂತಿವಾದ್ಯಗಳು ಒಟ್ಟಿಗೆ ಮೊಳಗಿದಾಗ ಮಾಹ್ಲರ್, ರಷ್ಯಾದ ಶೊಸ್ತಕೋವಿಚ್ ಮುಂತಾದ ಸಂಯೋಜಕರ ಭಾರೀ ಕೃತಿಗಳಿಗೆ ಬೇರೆ ಯಾರೂ ಕೊಡಲಾಗದ ತೂಕ ಬರುತ್ತದೆ. ಒಬ್ಬಿಬ್ಬರ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಆ ಮೊಳಗಿನಲ್ಲಿ ಮುಚ್ಚಿಹೋಗುತ್ತದೆ. ಹೈಡನ್, ಮೊಟ್ಸಾರ್ಟ್ ಅವರ ಕೃತಿಗಳನ್ನು ನುಡಿಸುವಾಗ ಆ ಆಸರೆ ಇಲ್ಲ. ಕೆಲವೇ ವಾದ್ಯಗಳು, ತೆಳುವಾದ ನೇಯ್ಗೆ, ಒಂದು ಸ್ವರ ತಪ್ಪಿದರೂ ಬಯಲಿಗೆ ಬಿತ್ತು. ಯುವ ತಂಡವೊಂದು ಹೈಡನ್‌ನನ್ನು ಚೆನ್ನಾಗಿ ನುಡಿಸಿತೆಂದು ಯಾರಾದರೂ ಬರೆದರೆ, ನಾನು ಅದನ್ನು ಮಾಹ್ಲರ್ ಕುರಿತ ಹೊಗಳಿಕೆಗಿಂತ ಹೆಚ್ಚು ನಂಬುತ್ತೇನೆ.

2007ರ ಆಗಸ್ಟಿನಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಗುಸ್ತಾವೊ ದುದಾಮೆಲ್ ವೆನೆಜುವೆಲಾದ ಸಿಮೋನ್ ಬೊಲಿವಾರ್ ಯುವ ಆರ್ಕೆಸ್ಟ್ರಾವನ್ನು ಲಂಡನ್ನಿನ ಪ್ರಾಮ್ಸ್ ಉತ್ಸವಕ್ಕೆ ಕರೆತಂದರು. ದೇಶದ ಬಾವುಟದ ಬಣ್ಣದ ಜಾಕೆಟ್ ತೊಟ್ಟು, ಕುಣಿಯುತ್ತಾ, ವಾದ್ಯಗಳನ್ನು ತಿರುಗಿಸುತ್ತಾ ಅವರು ಕೊನೆಯಲ್ಲಿ ನುಡಿಸಿದ ಮಾಂಬೊ ಎಂಬ ಕುಣಿತದ ತುಣುಕು ಎಲ್ಲರ ನೆನಪಿನಲ್ಲಿದೆ. ಆದರೆ ಅದೇ ಸಂಜೆ ಅವರು ಶೊಸ್ತಕೋವಿಚ್‌ನ ಹತ್ತನೇ ಸಿಂಫನಿಯನ್ನು ನುಡಿಸಿದ್ದರು. ಸ್ಟಾಲಿನ್ ಸತ್ತ 1953ರಲ್ಲೇ ಮೊದಲು ಕೇಳಿಸಿದ ಕೃತಿ ಅದು. ಅದರ ಎರಡನೇ ಭಾಗ ನಾಲ್ಕೇ ನಿಮಿಷದ ಬಿರುಗಾಳಿ. ಯುವಕರು ಅಲ್ಲಿ ಗೆಲ್ಲುವುದು ಆಶ್ಚರ್ಯವಲ್ಲ. ಮೊದಲ ಭಾಗ ಹಾಗಲ್ಲ. ಚೆಲ್ಲೋ, ಡಬಲ್ ಬೇಸ್‌ಗಳ ಮೆಲುದನಿಯಲ್ಲಿ ಹೊರಟು, ಇಪ್ಪತ್ತು ನಿಮಿಷಕ್ಕೂ ಮೀರಿ ಆತುರವಿಲ್ಲದೆ ಏರಿ ಇಳಿಯಬೇಕು. ಮೂರನೇ ಭಾಗದಲ್ಲಿ ಒಂಟಿ ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆ ವಾದ್ಯ) ಐದು ಸ್ವರಗಳ ಒಂದೇ ಕರೆಯನ್ನು ಹನ್ನೆರಡು ಸಲ ಕೂಗುತ್ತದೆ. ಹಾರ್ನ್‌ನಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ತುಟಿಯ ಬಿಗಿ ಎಳ್ಳಷ್ಟು ಬದಲಾದರೆ ಪಕ್ಕದ ಸ್ವರ ಬಂದುಬಿಡುತ್ತದೆ. ಅಲ್ಲಿ ಹುರುಪು ಸಹಾಯಕ್ಕೆ ಬರುವುದಿಲ್ಲ.

ಹಾಗಾಗಿ ವಿಮರ್ಶೆ ಓದುವಾಗ ಬರೆದವರು ನಿಧಾನದ ಭಾಗಗಳ ಬಗ್ಗೆ, ಪಿಸುಮಾತಿನಂಥ ವಾದನದ ಬಗ್ಗೆ ಏನು ಹೇಳಿದ್ದಾರೆ ನೋಡಿ. ಓಬೊ ಎಂಬ ಊದುವ ವಾದ್ಯದ, ಹಾರ್ನ್‌ನ ಒಂಟಿ ಸಾಲುಗಳನ್ನು ಹೆಸರಿಸಿದ್ದರೆ ಅವರು ಕಿವಿಗೊಟ್ಟು ಕೇಳಿದ್ದಾರೆ. ಬರೀ ಮುಖದ ಮೇಲಿನ ನಗು, ಕೊನೆಯ ಚಪ್ಪಾಳೆ, ಮಕ್ಕಳ ಹಿನ್ನೆಲೆಯ ಕಥೆ ಬರೆದಿದ್ದರೆ ಅದು ಸಂಗೀತದ ವಿಮರ್ಶೆಯಲ್ಲ. ಕಥೆಗಳಿಗೆ ಬೆಲೆಯಿದೆ. ಆರ್ಕೆಸ್ಟ್ರಾ ನಿರ್ದೇಶಕ ಬ್ಯಾರೆನ್‌ಬಾಯಿಮ್ ಮತ್ತು ಪ್ಯಾಲೆಸ್ತೀನ್ ಮೂಲದ ಚಿಂತಕ ಎಡ್ವರ್ಡ್ ಸೈದ್ 1999ರಲ್ಲಿ ಇಸ್ರೇಲಿ ಮತ್ತು ಅರಬ್ ಯುವಕರನ್ನು ಒಂದೇ ವೇದಿಕೆಯಲ್ಲಿ ಕೂರಿಸಿದ್ದು ಸಣ್ಣ ಸಂಗತಿಯೇ? ಆದರೂ ಆ ವಾದಕರಿಗೆ ತೋರುವ ನಿಜವಾದ ಗೌರವವೆಂದರೆ ಅವರ ಶ್ರುತಿ, ಲಯಗಳನ್ನು ಬೇರೆ ಯಾರದನ್ನು ಅಳೆಯುತ್ತೇವೋ ಅದೇ ಅಳತೆಗೋಲಿನಿಂದ ಅಳೆಯುವುದು.

ಇನ್ನೊಂದು ಮಾತು: ಈ ತಂಡಗಳಲ್ಲಿ ವಯಸ್ಸು ಮೀರಿದವರು ಹೊರಟು ಹೊಸಬರು ಬರುತ್ತಲೇ ಇರುತ್ತಾರೆ. ಐದು ವರ್ಷದ ಹಿಂದಿನ ಹೊಗಳಿಕೆ ಇಂದು ವೇದಿಕೆಯಲ್ಲಿರುವವರದಲ್ಲ. ಹೊರಟವರು ಎಲ್ಲಿಗೆ ಹೋದರು ಎಂಬುದೂ ನಿಮ್ಮ ಪ್ರಶ್ನೆಗೆ ಒಂದು ಉತ್ತರ. ಯುರೋಪಿಯನ್ ಸಮುದಾಯದ (ಇಂದಿನ ಯುರೋಪಿಯನ್ ಒಕ್ಕೂಟದ) ಯುವ ಆರ್ಕೆಸ್ಟ್ರಾದಿಂದ ಬಂದವರು 1981ರಲ್ಲಿ ಚೇಂಬರ್ ಆರ್ಕೆಸ್ಟ್ರಾ ಆಫ್ ಯುರೋಪ್ ಎಂಬ ಚಿಕ್ಕ ವೃತ್ತಿಪರ ತಂಡವನ್ನು ಕಟ್ಟಿದರು. ಮಾಹ್ಲರ್ ಯುವ ಆರ್ಕೆಸ್ಟ್ರಾದ ಹಳೆಯ ಸದಸ್ಯರು 1997ರಲ್ಲಿ ಅಬ್ಬಾಡೊ ಜೊತೆಗೂಡಿ ಮಾಹ್ಲರ್ ಚೇಂಬರ್ ಆರ್ಕೆಸ್ಟ್ರಾ ಆರಂಭಿಸಿದರು. ಎರಡೂ ಇಂದಿಗೂ ಮುಂಚೂಣಿಯಲ್ಲಿವೆ, ಅವುಗಳಿಗೆ ಯಾರೂ ವಯಸ್ಸಿನ ರಿಯಾಯಿತಿ ಕೊಡುತ್ತಿಲ್ಲ.