ಕೋಳಿಗೂಡಿನ ಹಲಗೆಗೆ ಕಲ್ಲು ಹೇರಿದರೆ ಸಾಕಾ?

"ಅಣ್ಣಾ, ಗೂಡಿನ ತಳದ ಹಲಗೆ ತೊಳೆಯೋಕೆ ಈಚೆ ಬರಬೇಕು, ರಾತ್ರಿ ಮಾತ್ರ ಅಲ್ಲಾಡಬಾರದು. ಮೊಳೆ ಹೊಡೀಲಾ, ಕಲ್ಲು ಇಡ್ಲಾ?"

ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಎಲ್ಲಿಂದ ಕೇಳಿದರೂ ಇದೇ ಪ್ರಶ್ನೆ. ಎರಡೂ ಬೇಡ. ಮೊಳೆ ಹೊಡೆದರೆ ತೊಳೆಯುವ ಮಾತು ಅಲ್ಲಿಗೇ ಮುಗೀತು. ಕಲ್ಲಿನ ವಿಷಯ ಬಿಡಿಸಿ ಹೇಳಬೇಕು, ಎಷ್ಟು ಸಲ ಹೇಳಿದರೂ ಜನ ಅದನ್ನು ಬಿಡ್ತಿಲ್ಲ.

"ಅಷ್ಟು ದಪ್ಪ ಚಪ್ಪಡಿ ಇಟ್ಟರೆ ಮುಂಗುಸಿ ಎತ್ತುತ್ತಾ?" ಅಂತಾರೆ. ಎತ್ತಲ್ಲ. ಎತ್ತುವ ಅಗತ್ಯವೇ ಅದಕ್ಕಿಲ್ಲ. ಬರೀ ಅಂಚಿನ ಮೇಲೆ ಕೂತ ತೆಳು ಪ್ಲೈವುಡ್ ನಡುವೆ ಕಲ್ಲಿಟ್ಟು ನೋಡಿ. ನಡು ತಗ್ಗುತ್ತದೆ, ಮೂಲೆಗಳು ಮೇಲೇಳುತ್ತವೆ. ಆ ಸಂದಿನಲ್ಲಿ ತಲೆ ತೂರಿದರೆ ಮುಂಗುಸಿಯ ಮೈಯೂ ತೂರುತ್ತದೆ. ಕಲ್ಲನ್ನು ಒಂದು ಮೂಲೆಗೆ ಸರಿಸಿದರೆ ಉಳಿದ ಮೂರನ್ನು ಕಾಯೋರು ಯಾರು? ಹೊಟ್ಟು, ಹಿಕ್ಕೆ ಅಂಚಿಗೆ ಸೇರಿದರಂತೂ ಹಲಗೆ ಸಮ ಕೂರುವುದೇ ಇಲ್ಲ. ಕಲ್ಲಿನ ಅಡಿ ಒಣಗುವುದೂ ಇಲ್ಲ. ಕೋಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಅನ್ನೋ ಪರಜೀವಿಗೆ ಒದ್ದೆ, ಬಿಸುಪು ಎರಡೂ ಸಿಕ್ಕರೆ ಒಂದೆರಡು ದಿನದಲ್ಲೇ ರೋಗ ಹರಡಲು ತಯಾರಾಗುತ್ತದೆ. ಕಲ್ಲು ನಂಬಿ ನಾನು ಒಂದೇ ರಾತ್ರಿ ಐದು ಹೇಂಟೆ ಕಳೆದುಕೊಂಡಿದ್ದೇನೆ. ಅದಕ್ಕೇ ಇಷ್ಟು ಹೇಳ್ತಿರೋದು.

ಹಲಗೆಯನ್ನು ಮೇಜಿನ ಡ್ರಾಯರ್ ತರ ಮಾಡಿ. ಎರಡೂ ಪಕ್ಕದಲ್ಲಿ ಕೆಳಗೊಂದು, ಮೇಲೊಂದು ರೀಪರ್ ಪಟ್ಟಿ (ಮರದ ಸಣ್ಣ ಪಟ್ಟಿ), ನಡುವೆ ಹಲಗೆ ಜಾರಲಿ. ಹಿಂದೆ ತಡೆಗೆ ಒಂದು ಪಟ್ಟಿ, ಮಧ್ಯದಲ್ಲಿ ತಗ್ಗದಂತೆ ಇನ್ನೊಂದು ಅಡ್ಡಪಟ್ಟಿ. ಹಲಗೆಯ ಮುಂದಿನ ಅಂಚಿಗೆ ನಿಂತ ಪಟ್ಟಿ ಬಡಿದರೆ ಸಂದೂ ಮುಚ್ಚುತ್ತದೆ, ಎಳೆಯೋಕೆ ಹಿಡಿಯೂ ಆಗುತ್ತದೆ. ಅದರ ಎರಡೂ ತುದಿಗೆ ಹೊರಗಿನಿಂದ ಟವರ್ ಬೋಲ್ಟ್ ಚಿಲಕ. ಹಲಗೆಯನ್ನು ಪಕ್ಕಕ್ಕೆ ಒಂದೊಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಕಡಿಮೆ ಕೊಯ್ಸಿ. ಮಳೆಗಾಲದಲ್ಲಿ ಪ್ಲೈವುಡ್ ಊದಿಕೊಳ್ಳುತ್ತದೆ, ಬಿಗಿ ಇದ್ದರೆ ಇಬ್ಬರು ಎಳೆದರೂ ಬರಲ್ಲ. ಗೂಡು ಕಾಲಿನ ಮೇಲೆ ನಿಂತಿದ್ದರೆ ಅಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿ ಜಾಲರಿ) ಹೊಡೆಯಿರಿ. ಆರು ಮೂಲೆ ಕಣ್ಣಿನ ತೆಳು ಕೋಳಿ ಜಾಲರಿ ಬೇಡ, ಅದು ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ಹೆಗ್ಗಣವನ್ನು ಹೊರಗಿಡಲ್ಲ.

ಹಲಗೆ ಸಲೀಸಾಗಿ ಬರತೊಡಗಿದ ಮೇಲೆ ಹಿಕ್ಕೆ ಕೈತುಂಬ ಸಿಗುತ್ತದೆ. ದಯವಿಟ್ಟು ಹಸಿಯಾಗಿ ಟೊಮೆಟೊ ಬುಡಕ್ಕೆ ಸುರಿಯಬೇಡಿ. ಅದರಲ್ಲಿ ಸಾರಜನಕ ಜಾಸ್ತಿ, ಬೇರು ಸುಡುತ್ತದೆ. ಒಣ ಎಲೆ, ಕಡಲೆಕಾಯಿ ಸಿಪ್ಪೆ ಜೊತೆ ಗುಡ್ಡೆ ಹಾಕಿ, ಆಗಾಗ ಮಗುಚಿ, ಮಳೆ ಬೀಳದಂತೆ ಮುಚ್ಚಿಡಿ. ಎರಡು ಮೂರು ತಿಂಗಳು ಕಳೆದು, ಕೈ ತೂರಿಸಿದರೆ ಕಾವು ತಗಲದೆ, ಮಣ್ಣಿನ ವಾಸನೆ ಬಂದಾಗ ಗಿಡಕ್ಕೆ ಹಾಕಿ.