ಪಬ್ಲಿಕ್ ಹೆಲ್ತ್ ಓದಿದರೆ ಮಗಳು ಡಾಕ್ಟರ್ ಆಗ್ತಾಳಾ?

ಪ್ರಶ್ನೆ: ನಾವು ಮಿಷಿಗನ್‌ನಲ್ಲಿದ್ದೇವೆ. ಮಗಳು ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಬ್ಲಿಕ್ ಹೆಲ್ತ್ ಡಿಗ್ರಿಗೆ ಸೇರ್ತೀನಿ ಅಂತಿದ್ದಾಳೆ. ಮೆಡಿಕಲ್‌ಗೆ ಹೋಗಲು ಇದು ಸುಲಭದ ದಾರಿ ಅಲ್ವಾ?

ಉತ್ತರ: ಅಲ್ಲ. ಪ್ರತಿ ವರ್ಷ ಅಡ್ಮಿಷನ್ ಹೊತ್ತಿಗೆ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಈ ಸಲ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಮೆರಿಕದಲ್ಲಿ ಸಾಮಾನ್ಯವಾಗಿ ಡಿಗ್ರಿ ಮುಗಿದ ಮೇಲೆಯೇ ಮೆಡಿಕಲ್. ಆ ಡಿಗ್ರಿ ಇಂಥದ್ದೇ ಆಗಬೇಕೆಂದಿಲ್ಲ, ಇತಿಹಾಸ ಓದಿದವರೂ ಅರ್ಜಿ ಹಾಕಬಹುದು. ಅಲ್ಲಿ ನೋಡುವುದು ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್‌ಗಳನ್ನು ಲ್ಯಾಬ್ ಸಮೇತ ಮುಗಿಸಿದ್ದೀರಾ, ಮೆಡಿಕಲ್ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನಲ್ಲಿ ಎಷ್ಟು ಅಂಕ ಬಂತು ಅಂತ. ಪಬ್ಲಿಕ್ ಹೆಲ್ತ್ ಸೇರಿದ ಹುಡುಗಿ ಇವುಗಳಲ್ಲಿ ಹೆಚ್ಚಿನದನ್ನು ತನ್ನ ಪಾಠಗಳ ಜೊತೆಗೆ ಬೇರೆಯಾಗಿಯೇ ತೆಗೆದುಕೊಳ್ಳಬೇಕಾಗುತ್ತದೆ. ಅಂದರೆ ಕೆಲಸ ಜಾಸ್ತಿಯೇ ಆಯಿತು. ಸುಲಭ ಎಲ್ಲಿ ಬಂತು?

ಇನ್ನು ಅವಳ ಪಾಠಗಳು ಅಂದರೆ ರೋಗ ಯಾರಿಗೆ, ಎಲ್ಲಿ, ಯಾವಾಗ ಬರುತ್ತದೆ ಅನ್ನುವ ಲೆಕ್ಕ. ಸಂಖ್ಯಾಶಾಸ್ತ್ರ, ನೀರು, ಗಾಳಿ, ಸರ್ಕಾರದ ನೀತಿ. ಔಷಧಿ ಚೀಟಿ ಬರೆಯುವುದನ್ನು ಯಾರೂ ಕಲಿಸುವುದಿಲ್ಲ. ಇದು ಅರ್ಧ ಡಾಕ್ಟರ್ ಓದಲ್ಲ, ಬೇರೆಯೇ ಒಂದು ಓದು.

ನಿಮ್ಮ ರಾಜ್ಯದ ಫ್ಲಿಂಟ್ ಊರನ್ನೇ ನೋಡಿ. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಊರಿಗೆ ಡೆಟ್ರಾಯ್ಟ್ ನೀರಿನ ಬದಲು ಫ್ಲಿಂಟ್ ನದಿಯ ನೀರು ಬಿಟ್ಟರು. ಪೈಪು ಸವೆಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ಹಳೇ ಪೈಪುಗಳ ಸೀಸ ನೀರಿಗೆ ಇಳಿಯಿತು. ಒಂದು ಮಗುವನ್ನು ಮೇಜಿನ ಮೇಲೆ ಮಲಗಿಸಿ ನೋಡಿದರೆ ಇದು ತಿಳಿಯುವುದಿಲ್ಲ. ಮಕ್ಕಳ ಡಾಕ್ಟರ್ ಮೋನಾ ಹನ್ನಾ-ಅಟೀಶಾ ನೀರು ಬದಲಾಗುವ ಮೊದಲಿನ ಮತ್ತು ನಂತರದ ರಕ್ತ ಪರೀಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ರಕ್ತದಲ್ಲಿ ಸೀಸ ಹೆಚ್ಚಿದ್ದ ಚಿಕ್ಕ ಮಕ್ಕಳ ಪ್ರಮಾಣ ಸುಮಾರು ಎರಡು ಪಟ್ಟಾಗಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅದನ್ನು ಎಲ್ಲರ ಮುಂದಿಟ್ಟರು. ಅಕ್ಟೋಬರ್‌ನಲ್ಲಿ ಊರಿಗೆ ಮತ್ತೆ ಡೆಟ್ರಾಯ್ಟ್ ನೀರು ಬಂತು. ಅವರು ಡಾಕ್ಟರ್ ಹೌದು, ಆದರೆ ಪಬ್ಲಿಕ್ ಹೆಲ್ತ್‌ನಲ್ಲೂ ಮಾಸ್ಟರ್ಸ್ ಮಾಡಿದವರು. ಆ ದಿನ ಕೈ ಹಿಡಿದದ್ದು ಈ ಎರಡನೇ ಓದು.

ನೀವು ಕೇಳದಿದ್ದರೂ ಇನ್ನೊಂದು ಮಾತು. ‘ಮೊಮ್ಮಗಳು ಏನು ಓದ್ತಿದಾಳೆ?’ ಅಂತ ಊರಲ್ಲಿ ಅಜ್ಜಿ ಕೇಳೇ ಕೇಳುತ್ತಾರೆ. ಸುಮ್ನೆ ‘ಡಾಕ್ಟರ್ ಥರ’ ಅನ್ನಬೇಡಿ. ಮಂಗನ ಕಾಯಿಲೆಯ ಕಥೆ ಹೇಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಕಾಡಿಗೆ ಹೋಗಿ ಬಂದವರಿಗೆ ಜ್ವರ. ಮಂಗನ ಸಾವು, ಮನುಷ್ಯನ ಜ್ವರ ಎರಡನ್ನೂ ಒಟ್ಟಿಗೆ ನೋಡಿದ್ದರಿಂದ, ಉಣುಗು ಕಚ್ಚಿ ಕಾಯಿಲೆ ಹರಡುತ್ತದೆ ಅನ್ನುವ ಗುಟ್ಟು ಸಿಕ್ಕಿತು. ಅಜ್ಜಿ ಮಲೆನಾಡಿನವರಾದರೆ ನೀವು ಇಷ್ಟೂ ಹೇಳಬೇಕಿಲ್ಲ. ಕೊಟ್ಟಿಗೆಗೆ ದರಗು (ಒಣ ಎಲೆ) ತರಲು ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಅವರು ನೋಡಿರುತ್ತಾರೆ. ಆ ಎಣ್ಣೆಯನ್ನು ಯಾವ ಊರಿಗೆ, ಯಾವ ತಿಂಗಳಲ್ಲಿ, ಎಷ್ಟು ಕಳಿಸಬೇಕು ಅಂತ ಲೆಕ್ಕ ಹಾಕುವುದನ್ನೇ ನಿಮ್ಮ ಮಗಳು ಕಲಿಯಲು ಹೊರಟಿದ್ದಾಳೆ.